ನರ್ಸಕ್ಕನ ಶನಿವಾರದ ಮಕ್ಕಳು

ನರ್ಸಕ್ಕನನ್ನು ನಾನು ಮೊದಲು ಕಂಡ ದಿನ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಯಜಮಾನರು ಹೋದ ಮೇಲೆ ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಸೊಸೆ ಹೆದರಿ ಆಸ್ಪತ್ರೆಯ ಮನೋರೋಗದ ವಾರ್ಡಿಗೆ ಕರೆತಂದಳು. ಬಂದವರೆಲ್ಲ ಪ್ರಶ್ನೆ ಕೇಳಿದರು. ನರ್ಸಕ್ಕ ಮಾತ್ರ ಒಗೆದ ಬೆಡ್‌ಶೀಟಿನ ಎರಡು ತುದಿ ನನ್ನ ಕೈಗಿಟ್ಟು, "ಹಿಡ್ಕೊಳ್ಳಿ ಅಮ್ಮ, ಒಬ್ಳ ಕೈಲಿ ಆಗಲ್ಲ" ಎಂದರು. ಕೊಡವಿದೆವು, ಎದುರುಬದುರು ಬಂದು ತುದಿ ಕೂಡಿಸಿದೆವು, ಮತ್ತೆ ಹಿಂದೆ ಸರಿದೆವು. ಬುಟ್ಟಿ ಬರಿದಾಗುವ ಹೊತ್ತಿಗೆ ನಾನೇ, "ಇದು ಸರಿಯಾಗಿ ಒಣಗಿಲ್ಲ" ಅಂದಿದ್ದೆ. ಬಾಗಿಲಲ್ಲಿದ್ದ ಸೊಸೆ ಗಳಗಳನೆ ಅತ್ತಳು.

ನರ್ಸಕ್ಕನದು ದಪ್ಪ ಮೈ, ಕೀಚ್ ಕೀಚ್ ಎನ್ನುವ ಚಪ್ಪಲಿ. "ನಾನು ಬರೋದು ಮೊದ್ಲೇ ಗೊತ್ತಾಗ್ಲಿ, ಯಾರೂ ಬೆಚ್ಚಬಾರ್ದು" ಎಂದು ಅದನ್ನೇ ಹಾಕುತ್ತಿದ್ದರು. ಅವರ ಅಣ್ಣ ಹರೆಯದಲ್ಲಿ ಮಂಕಾಗಿ ಕೂತಾಗ ಮನೆಗೆ ಬಂದವರೆಲ್ಲ ಬುದ್ಧಿ ಹೇಳಿದರಂತೆ, ಪಕ್ಕದಲ್ಲಿ ಕೂತವರು ಯಾರೂ ಇಲ್ಲವಂತೆ. ಈ ಕೆಲಸ ಹಿಡಿದದ್ದು ಅದಕ್ಕೇ.

ನೊಂದ ಮನಸ್ಸಿನವರ ಆರೈಕೆ ಕಲಿಯುವ ಆಸೆಯಿದ್ದ ಹುಡುಗ ಹುಡುಗಿಯರು ಶನಿವಾರ ಅವರ ಬಳಿ ಬರುತ್ತಿದ್ದರು. ಪುಸ್ತಕವಿಲ್ಲ, ಪಾಠವಿಲ್ಲ. ಒಬ್ಬೊಬ್ಬರನ್ನು ಒಬ್ಬೊಬ್ಬ ರೋಗಿಯ ಎದುರು ಬೆಡ್‌ಶೀಟು ಮಡಿಸಲು ನಿಲ್ಲಿಸುವರು. "ಅವ್ರು ಎಳೆದಷ್ಟೇ ನೀವೂ ಎಳೀರಿ. ಮಾತಾಡಿದ್ರೆ ಕೇಳಿ. ಆಡದಿದ್ರೆ ಮಡಿಸ್ತಾ ಇರಿ." ತಕ್ಕವರೆನಿಸಿದರೆ ತರಬೇತಿ ಶಾಲೆಗೆ ಹೇಳಿ ಸೇರಿಸುವರು.

ಗುಣವಾದ ಮೇಲೂ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೊಮ್ಮಗಳೂ ಬೆನ್ನು ಹತ್ತಿದಳು. ಅವಳ ಬಾಯಿಗೆ ಬೀಗವಿಲ್ಲ, ಮನೆಯಲ್ಲಿ ಅವಳ ಹೆಸರೇ ರೇಡಿಯೋ. ನರ್ಸಕ್ಕನ ಹಾಗೇ ಆಗಬೇಕೆಂದು ಒಂದೇ ಹಟ. "ಪಾಪ, ರೋಗಿಗಳಿಗೆ ತಲೆನೋವೂ ಶುರುವಾಗುತ್ತೆ" ಎಂದು ನನ್ನ ಮಗ ಕಿಚಾಯಿಸುತ್ತಿದ್ದ. ನರ್ಸಕ್ಕ ಒಪ್ಪಿದರೆ ಓದಿಸುವುದು, ಇಲ್ಲದಿದ್ದರೆ ಅವನ ಅಂಗಡಿಯಲ್ಲಿ ಕೂರಿಸುವುದು ಎಂದು ಮನೆಯಲ್ಲಿ ಮಾತಾಗಿತ್ತು.

ವಾರ್ಡಿನಲ್ಲಿ, ಹೆರಿಗೆಯ ಬಳಿಕ ಮನಸ್ಸು ಕದಡಿದ್ದ ಒಬ್ಬ ಹೆಂಗಸಿದ್ದಳು. ಮಡಿಸುತ್ತಾ ಮಡಿಸುತ್ತಾ ಅವಳು ಮೊಮ್ಮಗಳನ್ನು ಕೇಳಿದಳು: "ನಾಳೆ ನನ್ನ ದೊಡ್ಡ ಮಗಳು ನೋಡೋಕೆ ಬರ್ತಾಳೆ. ನನ್ನ ಹತ್ರ ಬರ್ತಾಳಾ?"

"ಓಡಿ ಬಂದು ತಬ್ಕೋತಾಳೆ ಆಂಟಿ, ನೋಡ್ತಾ ಇರಿ!"

ಮರುದಿನ ಮಗು ತನ್ನಜ್ಜಿಯ ಬೆನ್ನ ಹಿಂದೆ ಅಡಗಿ ಚೀರಿತು. ಗೋಡೆಯ ಕಡೆ ತಿರುಗಿ ಮಲಗಿದ ತಾಯಿ ಊಟಕ್ಕೂ ಏಳಲಿಲ್ಲ.

ಸುದ್ದಿ ಕೇಳಿದ ಮೊಮ್ಮಗಳು, "ನಂಗೀ ಕೆಲಸ ಬೇಡ ಅಜ್ಜಿ, ಅಂಗಡೀಲೇ ಕೂರ್ತೀನಿ" ಎಂದಳು. ನಾನು ಕೈ ಹಿಡಿದು ವಾರ್ಡಿಗೆ ಎಳೆದೊಯ್ದೆ. ನರ್ಸಕ್ಕ ಬೈಯಲಿಲ್ಲ.

"ಆ ಮಗು ಏನು ಮಾಡುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ."

"ಅದನ್ನೇ ಹೋಗಿ ಅವ್ರಿಗೆ ಹೇಳು."

"ಬೈದ್ರೆ?"

"ಬೈಸ್ಕೋ. ಬೈಯೋಕಾದ್ರೂ ಎದ್ದು ಕೂರ್ತಾರಲ್ಲ!"

ಮೊಮ್ಮಗಳು ಮಂಚದ ಬಳಿ ನಿಂತಳು. "ನಂಗೆ ಗೊತ್ತಿರ್ಲಿಲ್ಲ ಆಂಟಿ. ಸಮಾಧಾನ ಆಗ್ಲಿ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ತಪ್ಪಾಯ್ತು."

ಹೆಂಗಸು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಮೊಮ್ಮಗಳು ಸ್ಟೂಲೆಳೆದು ಕೂತಳು. ಊಟದ ಗಾಡಿ ಬಂತು, ತಟ್ಟೆ ಇಟ್ಟು ಹೋಯಿತು. ಅವಳು ತುಟಿ ಕಚ್ಚಿಕೊಂಡು ಕೂತೇ ಇದ್ದಳು. ಎಷ್ಟೋ ಹೊತ್ತಿಗೆ ಹೆಂಗಸು ಇತ್ತ ಹೊರಳಿ, "ಅವ್ಳಿಗೆ ನನ್ನ ಕಂಡ್ರೆ ಭಯ" ಎಂದಳು. ಮೊಮ್ಮಗಳು ಬಾಯಿ ತೆರೆದಳು. ಮತ್ತೆ ಏನು ಹೇಳಿಬಿಡುವಳೋ ಎಂದು ನಾನು ಬಾಗಿಲಿಂದ ಒಂದು ಹೆಜ್ಜೆ ಮುಂದಿಟ್ಟೆ. ತೆರೆದ ಬಾಯನ್ನು ಹಾಗೇ ಮುಚ್ಚಿ, ತಲೆಯಾಡಿಸಿದಳು. ಆ ತಾಯಿ ಅಳುತ್ತಾ ಒಂದೊಂದೇ ಹೇಳಿಕೊಂಡಳು. ಹೇಳಿ ಮುಗಿದ ಮೇಲೆ ತಣ್ಣಗಾದ ಊಟದ ತಟ್ಟೆಯನ್ನು ತಾನೇ ಹತ್ತಿರ ಎಳೆದುಕೊಂಡಳು.

"ನಾಳೆನೇ ಶಾಲೆಗೆ ಹೇಳ್ತೀನಿ ಅಮ್ಮ" ಎಂದರು ನರ್ಸಕ್ಕ.

ಮೊಮ್ಮಗಳು ತರಬೇತಿ ಶಾಲೆಯ ಹಾಸ್ಟೆಲಿಗೆ ಹೋದ ವರ್ಷವೇ ನರ್ಸಕ್ಕ ನಿವೃತ್ತಿಯಾಗಿ ತಂಗಿಯ ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದಲೂ ಅವಳದ್ದೇ ವಿಚಾರಣೆ: ನಿದ್ದೆ ಮಾಡ್ತಾಳಾ, ರೂಮಲ್ಲಿ ಜೊತೆಗೆ ಯಾರಿದ್ದಾರೆ?

"ಇದಾಳಲ್ಲ ಒಬ್ಳು, ನಮ್ಮವಳಿಗಿಂತ ದೊಡ್ಡ ಬಾಯ್ಬಡುಕಿ" ಎಂದೆ.

ಬಸ್ಸು ಹೊರಟಿತ್ತು. ನರ್ಸಕ್ಕ ನಗುತ್ತಲೇ ಕತ್ತು ಹೊರಗೆ ಹಾಕಿ ಕೂಗಿ ಕೇಳಿದರು: "ಅಯ್ಯೋ, ಹಾಗಾದ್ರೆ ಅವಳಿಗೆ ಅಳು ಬಂದ್ರೆ ಪಕ್ಕದಲ್ಲಿ ಸುಮ್ನೆ ಕೂರೋರು ಯಾರಮ್ಮ?"