ಅಕ್ಕನ ಒಂದು ಗೀಟು

ನಮ್ಮ ಸಂಶೋಧನಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವರನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಅವರಿಗಿಂತ ಹಿರಿಯರಾದ ನಿರ್ದೇಶಕರೂ ಅಕ್ಕ ಅನ್ನುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರಂತೆ. ಅಕ್ಕನ ಕೈ ಇಪ್ಪತ್ತಾರು ವರ್ಷದಿಂದ ಸೋಪಿನಲ್ಲಿದೆ. ಮೊಸರು ಇನ್ನೂ ಬಂದಿಲ್ಲ. ಉಗ್ರಾಣ ನೋಡಿಕೊಳ್ಳುವವನು ನಾನು, ಬಂದಿದ್ದರೆ ಗೊತ್ತಾಗುತ್ತಿತ್ತು.

ಪ್ರತಿ ರಜೆಯಲ್ಲಿ ಎಂಟು ವಾರ ಹೈಸ್ಕೂಲು ಮಕ್ಕಳು ಸಂಶೋಧನೆ ಕಲಿಯಲು ಬರುತ್ತಾರೆ. ಕಾಗದದ ಮೇಲೆ ಅವರ ಮಾರ್ಗದರ್ಶಕರು ನಮ್ಮ ವಿಜ್ಞಾನಿ ಡಾಕ್ಟರು. ಅವರು ಮಕ್ಕಳ ಜೊತೆ ಮೊದಲ ದಿನದ ಫೋಟೋದಲ್ಲಿರುತ್ತಾರೆ, ಕೊನೆಯ ದಿನದ ಫೋಟೋದಲ್ಲಿರುತ್ತಾರೆ. ನಡುವೆ ಪಿಪೆಟ್ಟು ಹಿಡಿಯುವುದು, ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಎಣಿಸುವುದು ಎಲ್ಲ ಹೇಳಿಕೊಡುವವರು ಅಕ್ಕ. ನೋಡಿ ನೋಡಿ ಕಲಿತ ವಿದ್ಯೆ. ಅವರ ನಿಯಮ ಒಂದೇ.

"ತಪ್ಪಾದ್ರೆ ಒಂದು ಗೀಟು ಹೊಡಿ. ಕೆಳಗಿರೋದು ಓದೋಕೆ ಬರ್ಬೇಕು. ಅಳಿಸೋಕೆ ಇದೇನು ಸ್ಲೇಟಾ?"

ಈ ಸಲ ಬಂದ ಹುಡುಗಿಯದು ಮುತ್ತು ಪೋಣಿಸಿದಂಥ ಅಕ್ಷರ. ಹೊಸ ಔಷಧಿ ಹಾಕಿದ ಮೇಲೆ ಎಷ್ಟು ಕ್ಯಾನ್ಸರ್ ಕೋಶ ಬದುಕಿವೆ ಎಂದು ಎಣಿಸಿ, ಕೊನೆಯ ಶುಕ್ರವಾರ ಸಭೆಯಲ್ಲಿ ಹೇಳಬೇಕಿತ್ತು. ಬುಧವಾರ ಡಾಕ್ಟರು ಅಪರೂಪಕ್ಕೆ ಬಂದು ಎಣಿಕೆ ಬರೆದ ಪುಸ್ತಕ ಕೇಳಿದರು. ಕೆಂಪು ಅಂಚು, ಹಸಿರು ಶೀರ್ಷಿಕೆ, ಒಂದೂ ಗೀಟಿಲ್ಲ.

"ಮೂಲ ಹಾಳೆ ಎಲ್ಲಿದೆಯಮ್ಮ?"

"ಅದು ರಫ್ ಸಾರ್, ಬರೀ ಗೀಟು. ಫೇರ್ ಮಾಡಿ ಬುಟ್ಟಿಗೆ ಹಾಕ್ದೆ."

ಹತ್ತು ವರ್ಷ ಶಾಲೆಯಲ್ಲಿ ಅವಳಿಗೆ ಅಂಕ ಬಂದಿದ್ದೇ ಹಾಗೆ. ಮೂಲವಿಲ್ಲದ ಲೆಕ್ಕ ಲೆಕ್ಕವೇ ಅಲ್ಲ ಎಂದು ಡಾಕ್ಟರು ಶುಕ್ರವಾರದ ಸಭೆಯ ಪಟ್ಟಿಯಿಂದ ಅವಳ ಹೆಸರು ತೆಗೆದರು. ಮಾತು ಸರಿ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಎಂಟು ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹುಡುಗಿ ನನ್ನ ಉಗ್ರಾಣದ ಸ್ಟೂಲಿನ ಮೇಲೆ ಕೂತು ಅತ್ತಳು.

ಅಕ್ಕ ಬಂದು ಕೇಳಿದ್ದು ಇಷ್ಟೇ: "ಆ ಕಾಗದ, ಒಂದ್ ಕಡೆ ಖಾಲಿ ಇತ್ತಾ?"

ಒಂದು ಕಡೆ ಖಾಲಿಯಿದ್ದ ಕಾಗದವನ್ನು ಅಕ್ಕ ಬುಟ್ಟಿಯಲ್ಲಿ ಬಿಟ್ಟವರಲ್ಲ. ಒಣಗಲು ಇಟ್ಟಿದ್ದ ಫ್ಲಾಸ್ಕುಗಳನ್ನು ಒಂದೊಂದಾಗಿ ಎತ್ತಿದರು. ಕೆಳಗೆ ಹಾಸಿದ್ದ ಅವಳ ನಲವತ್ತು ಹಾಳೆಗಳೂ ಸಿಕ್ಕವು, ಒಂದೊಂದರ ಮೇಲೂ ದುಂಡನೆಯ ನೀರಿನ ಕಲೆ. ಬಾಲ್‌ಪೆನ್ನಿನ ಪುಣ್ಯ, ಅಕ್ಷರ ಉಳಿದಿತ್ತು.

ಹೋಲಿಸಿದಾಗ, ಬದುಕಿದ ಕೋಶ ಮೂಲದಲ್ಲಿ ನೂರಕ್ಕೆ 84 ಇದ್ದದ್ದು ಫೇರಿನಲ್ಲಿ 48 ಆಗಿತ್ತು. ಔಷಧಿ ಕೆಲಸ ಮಾಡಿದೆ ಎಂಬ ಸಂಭ್ರಮವೆಲ್ಲ ಆ ಮುದ್ದಾದ 48ರ ಮೇಲೆ ನಿಂತಿತ್ತು.

"ಈಗೇನ್ ಹೇಳ್ಲಿ ಅಕ್ಕ?"

"ಕೆಲ್ಸ ಮಾಡ್ಲಿಲ್ಲ ಅನ್ನು. ನಿಂದೇನು ಹೋಯ್ತು, ಔಷಧಿದು ತಾನೇ?"

ಡಾಕ್ಟರು ಹಾಳೆಗಳನ್ನು ನೋಡಿ ಅವಳ ಹೆಸರನ್ನು ಮತ್ತೆ ಸೇರಿಸಿದರು. ಶುಕ್ರವಾರ ಅವಳು ಎದ್ದು ನಿಂತು, ಔಷಧಿಯಿಂದ ಏನೂ ಆಗಲಿಲ್ಲ ಅಂದಳು. ನಿರ್ದೇಶಕರು ಹಾಳೆಯೊಂದನ್ನು ತಿರುಗಿಸಿ ನೋಡಿದರು.

"ಪ್ರತಿ ಹಾಳೆಗೂ ಮಾರ್ಗದರ್ಶಕರ ಸಹಿ ಬೇಕಲ್ಲ?"

ಡಾಕ್ಟರು ಪೆನ್ನಿಗೆಂದು ಜೇಬಿಗೆ ಕೈ ಹಾಕಿದರು. ಹುಡುಗಿ ಆಗಲೇ ಹಾಳೆ ಎತ್ತಿಕೊಂಡು ಹಿಂದಿನ ಸಾಲಿಗೆ ನಡೆದಿದ್ದಳು.

"ಅಕ್ಕ, ಸಹಿ ಹಾಕಿ."

ಹಾಜರಿ ಪುಸ್ತಕ ಬಿಟ್ಟು ಅಕ್ಕ ಇಲ್ಲಿ ಎಲ್ಲೂ ಸಹಿ ಹಾಕಿದವರಲ್ಲ. ಒಣಗಿದ ಕೈಯನ್ನೇ ಒರೆಸಿಕೊಂಡರು. ಸಹಿ ಹಾಕಿ, ಗಡಿಬಿಡಿಯಲ್ಲಿ ಹಾಳೆಯ ಹಳೆಯ ತಾರೀಕನ್ನೇ ಕೆಳಗೂ ಬರೆದುಬಿಟ್ಟರು. ಹಾಗೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಅದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಆ ದಿನದ ತಾರೀಕು ಬರೆದರು.

ಆಮೇಲೆ ಉಳಿದ ಮೂವತ್ತೊಂಬತ್ತು ಹಾಳೆ ಕೇಳಿದರು. ಸಭೆ ಕೂತು ಕಾಯಿತು. ಡಾಕ್ಟರೂ ಕಾದರು.