ಬಿಸಿನೀರು ಉಂಟೆಂದು ಬರೆದ ಹೋಟೆಲು

ನನಗೆ ಇಂಗ್ಲಿಷು ಈ ಜನ್ಮಕ್ಕೆ ಹತ್ತುವುದಿಲ್ಲ ಎಂದು ಹೇಳಿದವರು ಸ್ಕೂಲ್ ಇನ್ಸ್‌ಪೆಕ್ಟರು. ಅವರು ಹಾಗೆನ್ನುವಾಗ ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಕೆಳತುದಿಯಲ್ಲಿ ಬರೆಯಲು ಬಾಗಿದ್ದರು. ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿ ಕರಡಿಗೆ ಹಲಗೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಲಿಂಗವಿಟ್ಟುಕೊಳ್ಳುವ ಆ ಕರಡಿಗೆ ದಿನವೂ ಬಡಿದು ಬಡಿದು ಬೋರ್ಡಿನ ಕಪ್ಪು ಕಿತ್ತು, ಕಾಸಿನಗಲ ಬೋಳು ಮರ ಕಾಣುತ್ತಿತ್ತು.

ಐ.ಡಿ.ಹಳ್ಳಿ ಕಡೆಯ ಕುರುಬರ ಹಟ್ಟಿಯಿಂದ ಮಧುಗಿರಿಗೆ ಓದಲು ಬಂದವನು ನಾನು. ನಮ್ಮ ಹಟ್ಟಿಯಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರು ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕ ಓದಲು ಹೇಳಿದರು, ನಾನು ತೊದಲಿದೆ. "ಕುರಿ ಕಾಯೋನಿಗೆ ಇದೆಲ್ಲ ಯಾಕೆ, ಸಾಲು ಪೂರ್ತಿ ಓದಕ್ಕಾಗಲ್ಲ ಇವನಿಗೆ" ಎಂದರು. ಆಮೇಲೆ ತರಗತಿಗೆ ಒಂದು ಲೆಕ್ಕ ಕೊಟ್ಟರು. ಎರಡು ನಲ್ಲಿ, ಒಂದು ತೊಟ್ಟಿ, ತುಂಬಲು ಎಷ್ಟು ಹೊತ್ತು ಎಂಬ ಲೆಕ್ಕ. ನಾವು ಮಾಡಿದ ಉತ್ತರ ಅವರ ಉತ್ತರಕ್ಕೆ ತಾಳೆಯಾಗಲಿಲ್ಲ.

ಮೇಷ್ಟ್ರು ಚಾಕ್‌ಪೀಸು ಕೆಳಗಿಟ್ಟರು. "ಸ್ವಾಮಿ, ತಪ್ಪು ಹುಡುಗರದಲ್ಲ. ತಮ್ಮದು."

"ಏನಂದ್ರಿ?"

"ತಾವು ಎರಡನೇ ನಲ್ಲೀನ ಕೂಡಿಸಿದೀರಿ. ಅದು ತೊಟ್ಟಿಯಿಂದ ನೀರು ಹೊರಕ್ಕೆ ಬಿಡೋ ನಲ್ಲಿ, ಕಳೀಬೇಕು."

ಹೆಡ್‌ಮಾಸ್ಟರು ಬಾಗಿಲ ಹತ್ತಿರ ನಿಂತು ಕಣ್ಣುಸನ್ನೆ ಮಾಡಿದರು. ಮೇಷ್ಟ್ರು ಅದನ್ನು ನೋಡಿಯೂ ಇಡೀ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದರು. ತಪ್ಪು ಕಂಡರೆ ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಅಂಗಡಿಯ ತಕ್ಕಡಿ ವಾಲಿದ್ದರೆ ಅಂಗಡಿಯವನಿಗೆ ಹೇಳಿಯೇ ಮುಂದೆ ಹೋಗುವವರು. ಒಂದು ತಿಂಗಳಿಗೆ ಅವರಿಗೆ ಪಾವಗಡಕ್ಕೆ ವರ್ಗವಾಯಿತು.

ಪಾವಗಡದಲ್ಲಿ ಮಕ್ಕಳೆಲ್ಲ ತೆಲುಗು ಮಾತಾಡುವವರು. ರಜೆಗೆ ಮಧುಗಿರಿಗೆ ಬಂದಾಗ ಹೆಂಗಿದೆ ಸಾ ಅಂದರೆ, "ಲೆಕ್ಕಕ್ಕೆ ಭಾಷೆ ಬೇಕಿಲ್ಲ ಕಣ್ಲಾ" ಎನ್ನುತ್ತಿದ್ದರು. ಅವರಿಗೂ ಅಂಕಿ ಬಿಟ್ಟರೆ ಇಂಗ್ಲಿಷು ಅಷ್ಟಕ್ಕಷ್ಟೆ. ಮದುವೆ ಮಾಡಿಕೊಂಡವರಲ್ಲ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಅಕ್ಕ ಮಧುಗಿರಿಯ ಮನೆಯನ್ನು ನೋಡಿಕೊಳ್ಳುತ್ತಿದ್ದರು. ಮೇಷ್ಟ್ರು ಊರಲ್ಲಿಲ್ಲದಾಗಲೂ ಆಯಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿ ಮುದ್ದೆ ಇಕ್ಕಿದ್ದಾರೆ. ಒಳಗೆ ಕರೆಯಲಿಲ್ಲ, ಅದು ಆ ಕಾಲ. ಹಸಿದು ವಾಪಸು ಕಳಿಸಲೂ ಇಲ್ಲ.

ಪಾವಗಡದಿಂದ ಶಿರಾಕ್ಕೆ ಹಾಕಿದರು. ಅಲ್ಲಿ ಸೈಕಲ್ ಷಾಪ್ ಇಟ್ಟಿದ್ದ ಒಬ್ಬ ಸಾಬರ ಪರಿಚಯವಾಯಿತು. ಯುದ್ಧದಲ್ಲಿ ಮಿಲಿಟರಿ ಅಡುಗೆಮನೆಗೆ ಸೇರಿ ಈಜಿಪ್ಟಿನವರೆಗೆ ಹೋಗಿಬಂದವರು. ಅಲ್ಲಿ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಜೂಜಿಗೆಂದೇ ಒಂದು ಚಕ್ರ ಇಟ್ಟಿರುತ್ತಾರೆ, ಸುತ್ತಲೂ ಅಂಕಿ, ಒಂದು ಗೋಲಿ ಬಿಟ್ಟು ತಿರುಗಿಸುತ್ತಾರೆ, ಗೋಲಿ ಯಾವ ಅಂಕಿಯ ಮನೆಯಲ್ಲಿ ನಿಂತಿತೋ ಆ ಅಂಕಿಗೆ ಕಟ್ಟಿದವನಿಗೆ ದುಡ್ಡು ಎಂದು ಮೇಷ್ಟ್ರಿಗೆ ವಿವರಿಸಿದವರು ಅವರೇ.

"ಆ ಚಕ್ರಕ್ಕೆ ಕಣ್ಣಿಲ್ಲ ಮೇಷ್ಟ್ರೇ" ಎಂದರಂತೆ. "ನವಾಬನೂ ಒಂದೇ, ಹಮಾಲನೂ ಒಂದೇ."

ಈ ಮಾತು ಮೇಷ್ಟ್ರ ತಲೆಯೊಳಗೆ ಕೂತುಬಿಟ್ಟಿತು. ಅವರು ಒಂದು ದಿನವೂ ಇಸ್ಪೀಟೆಲೆ ಮುಟ್ಟಿದವರಲ್ಲ. ಎಲೆಯಾಟದಲ್ಲಿ ಹಂಚುವವನ ಕೈ ಇರುತ್ತದೆ, ಚಕ್ರದಲ್ಲಿ ಯಾರ ಕೈಯೂ ಇಲ್ಲ, ಬರೀ ಲೆಕ್ಕ ಎಂಬುದು ಅವರ ವಾದ. ಸಾಬರ ಹತ್ತಿರ ಒಂದು ಹಳೇ ಸೈಕಲ್ ಗಾಲಿ ಈಸಿಕೊಂಡು ಬಂದು, ಮಧುಗಿರಿ ಮನೆಯ ತೆರೆದ ಹಿತ್ತಲ ಪಡಸಾಲೆಯಲ್ಲಿ ತಿರುಗುವ ಹಾಗೆ ಅಡ್ಡ ಮಲಗಿಸಿ, ಸುತ್ತಲೂ ಅಂಕಿ ಬರೆದ ಚೀಟಿ ಅಂಟಿಸಿದರು. ಊರಿಗೆ ಬಂದಾಗಲೆಲ್ಲ ಸಂಜೆ ಪೂಜೆ ಮುಗಿಸಿ ಎದ್ದರೆ ಅದನ್ನು ತಿರುಗಿಸುವುದು, ನಿಂತ ಅಂಕಿ ಬರೆದುಕೊಳ್ಳುವುದು. ಆರು ವರ್ಷ. ನೋಟ್‌ಪುಸ್ತಕಗಳು ಅಟ್ಟದ ಮೇಲೆ ಕಂತೆ ಕಂತೆ ಬಿದ್ದಿದ್ದವು.

"ಎಣ್ಣು ನೋಡೋ ಅಂದ್ರೆ ಗಾಲಿ ನೋಡ್ತಾ ಕುಂತವ್ನೆ" ಎಂದು ಅಕ್ಕ ನನಗೆ ಹೇಳುತ್ತಿದ್ದರು, ಅವರಿಗೆ ಕೇಳಿಸುವ ಹಾಗೆ.

ನಾನು ಹೈಸ್ಕೂಲು ದಾಟಿ ತುಮಕೂರಿನ ಕಾಲೇಜಿಗೆ ಸೇರಿದೆ. ಇಂಟರ್ಮೀಡಿಯೆಟ್‌ನಲ್ಲಿ ಇಂಗ್ಲಿಷು ಹೋಯಿತು. ಟ್ರಂಕು ಎತ್ತಿಕೊಂಡು ಹಟ್ಟಿಗೆ ಹೋಗುವ ಮೊದಲು ಮೇಷ್ಟ್ರಿಗೆ ಹೇಳಿಹೋಗೋಣವೆಂದು ಮಧುಗಿರಿಯಲ್ಲಿ ಇಳಿದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಮನೆಯಲ್ಲೇ ಇದ್ದರು.

"ಇನ್ಸ್‌ಪೆಕ್ಟರ್ ಹೇಳಿದ್ದು ಸರಿ ಅಂತ ಒಪ್ಕಂಡ್ಬುಟ್ಟೇನ್ಲಾ?"

"ಇಲ್ಲ ಸಾ."

"ಮತ್ತೆ ಟ್ರಂಕ್ಯಾಕೆ? ಇಳಿಸು. ನನಗೆ ಇಂಗ್ಲಿಷಿನಾಗೆ ಕಾಗದ ಬರೆಯೋರು ಬೇಕು. ನಾನು ಕನ್ನಡದಾಗೆ ಹೇಳ್ತೀನಿ, ನೀನು ಬರಿ. ನಂಗೂ ಕೆಲ್ಸ ಆಗ್ತದೆ, ನಿಂಗೂ ಬರ್ತದೆ."

ಅಂಥ ಚಕ್ರವಿರುವ ಹೋಟೆಲಿಗೆ ಹೋಗುವುದೆಂದು ಅವರು ತೀರ್ಮಾನಿಸಿಯಾಗಿತ್ತು. ಈಜಿಪ್ಟು ದೂರ. ಸಮುದ್ರದಾಚೆ ಹತ್ತಿರದಲ್ಲಿ ಯಾವುದೆಂದರೆ ಕೊಲಂಬೊ. ಶಿರಾದ ಸಾಬರು ಅಲ್ಲಿಗೆ ಹೋಗಿಬರುತ್ತಿದ್ದ ವ್ಯಾಪಾರಿಯೊಬ್ಬರಿಂದ ಎರಡು ಹೋಟೆಲಿನ ವಿಳಾಸ ತರಿಸಿಕೊಟ್ಟರು. ಕೊಡುವಾಗ ಅವರೇ, "ಮೇಷ್ಟ್ರೇ, ನಾನು ಕಥೆ ಹೇಳಿದ್ದು. ಹೋಗಿ ಅಂತ ಹೇಳಲಿಲ್ಲ" ಎಂದಿದ್ದರು.

ಪಡಸಾಲೆಯಲ್ಲಿ ಕೂತು ಮೊದಲನೇ ಕಾಗದ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಪಕ್ಕದಲ್ಲಿ ಹರಿದ ನಿಘಂಟು. ಮೇಷ್ಟ್ರು ಕೇಳಿದ ಪ್ರಶ್ನೆಗಳು ಇವು: ಚಕ್ರದಲ್ಲಿ ಎಷ್ಟು ಮನೆ. ಸ್ಟೇಷನ್ನಿನಿಂದ ನಡೆದರೆ ಎಷ್ಟು ದೂರ. ಅಡುಗೆಯಲ್ಲಿ ಮಾಂಸ ಸೇರುತ್ತದೋ. ಬೆಳಗಿನ ಸ್ನಾನಕ್ಕೆ ಬಿಸಿನೀರು ಉಂಟೋ. ಲಿಂಗಪೂಜೆಗೆ ಯಾರೂ ತುಳಿಯದ ಒಂದು ಮೂಲೆ ಸಿಗುತ್ತದೋ. ಜೂಜಿನ ಹೋಟೆಲಿಗೆ ಇಂಥ ಕಾಗದ ಇನ್ನೊಂದು ಹೋಗಿರಲಾರದು. ಆಗ ನನಗೆ ನಗು ಬರಲಿಲ್ಲ. ಲಿಂಗಪೂಜೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದೇ ನನ್ನ ಚಿಂತೆಯಾಗಿತ್ತು.

ಒಂದು ವರ್ಷ ಹೀಗೆ ಕಾಗದ ಹೋದವು, ಬಂದವು. ಪಾಸ್‌ಪೋರ್ಟಿಗೆ ಅರ್ಜಿ, ವೀಸಾಕ್ಕೆ ಅರ್ಜಿ, ರೈಲ್ವೆಯವರಿಗೆ ವಿಚಾರಣೆ, ಎಲ್ಲ ನನ್ನ ಕೈಬರಹವೇ. ಮರುಪರೀಕ್ಷೆಯಲ್ಲಿ ಇಂಗ್ಲಿಷು ಪಾಸಾಯಿತು. ಬಿ.ಎ.ಗೆ ಸೇರಿದೆ. ನನ್ನ ಇಂಗ್ಲಿಷು ಯಾವ ಕಾಲೇಜಿನಲ್ಲಿ ಕಲಿತದ್ದು ಎಂದು ಈಗಲೂ ಯಾರಾದರೂ ಕೇಳಿದರೆ ತುಮಕೂರು ಎನ್ನುತ್ತೇನೆ. ಕಲಿತದ್ದು ಆ ಪಡಸಾಲೆಯಲ್ಲಿ.

ಎರಡು ಹೋಟೆಲುಗಳ ಕೊನೆಯ ಉತ್ತರಗಳು ಬಂದಾಗ ನಾನು ರಜೆಯಲ್ಲಿದ್ದೆ. ಮೊದಲನೆಯದು ಬಂದರಿನ ಹತ್ತಿರದ ದೊಡ್ಡ ಹೋಟೆಲು. ಟೈಪು ಮಾಡಿದ ಕಾಗದ, ಜೊತೆಗೆ ಊರಿನ ನಕ್ಷೆ. ಕೋಟು, ಟೈ ಇಲ್ಲದೆ ಚಕ್ರದ ಕೋಣೆಗೆ ಬಿಡುವುದಿಲ್ಲ. ಅತಿಥಿಗಳ ಹಣವನ್ನು ತಿಜೋರಿಯಲ್ಲಿಟ್ಟು ರಸೀದಿ ಕೊಡುತ್ತೇವೆ. ಅಡುಗೆ ಇಂಗ್ಲಿಷರ ಪದ್ಧತಿಯದು, ದನದ ಮಾಂಸವೂ ಉಂಟು. ಪೂಜೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಎರಡನೆಯದು ಪೇಟೆಯ ಒಳಗಿನ ಹೋಟೆಲು. ಮದರಾಸಿನ ಕಡೆಯವನೊಬ್ಬ ನಡೆಸುತ್ತಿದ್ದ. ಕೈಯಲ್ಲಿ ಬರೆದ ಕಾಗದ. ಶುದ್ಧ ಸಸ್ಯಾಹಾರ, ಅನ್ನ, ಸಾರು, ಮಜ್ಜಿಗೆ. ಬೆಳಗಿನ ಜಾವದಿಂದ ಬಿಸಿನೀರು ಉಂಟು. ಪೂಜೆಗೆ ಪ್ರತ್ಯೇಕ ಕೋಣೆಯನ್ನೇ ಕೊಡುತ್ತೇವೆ. ಸ್ಟೇಷನ್ನಿಗೆ ನಮ್ಮ ಆಳು ಬಂದು ಕರೆದುಕೊಂಡು ಹೋಗುತ್ತಾನೆ. ಚಕ್ರ ಹೊಸದು.

ಮೇಷ್ಟ್ರು ಎರಡನ್ನೂ ಮುಂದಿಟ್ಟುಕೊಂಡು ಕೂತರು. "ನೀನು ಹೇಳ್ಲಾ. ಇಂಗ್ಲಿಷಿನಾಗೆ ಯಾವುದು ಸಾಚಾ ಕಾಣ್ತದೆ?"

ಬಾಗಿಲ ಹಿಂದೆ ನಿಂತಿದ್ದ ಅಕ್ಕ, "ದುಡ್ಡು ಎಲ್ಲಿಡ್ತಾರಂತೆ? ಅದ್ನ ಕೇಳಿದೀರಾ?" ಎಂದರು.

"ಮೊದಲನೇದರಲ್ಲಿ ತಿಜೋರಿ ಅಂತ ಬರೆದವರೆ ಅಮ್ಮ."

"ಎರಡನೇದು?"

"ಅದರಲ್ಲಿ ಬರೆದಿಲ್ಲ."

"ಸೊಂಟದಾಗೆ ಇಟ್ಕಂತೀನಿ ಬುಡು" ಎಂದರು ಮೇಷ್ಟ್ರು. ಕೆಲಸ ಬಿಟ್ಟಾಗ ಬಂದ ಇಡುಗಂಟಿನ ಮಾತು ಅದು. ಇಬ್ಬರ ಮುಂದಿನ ಬಾಳಿಗೆ ಇದ್ದದ್ದು ಅಷ್ಟೇ. ಅವರು ಮತ್ತೆ ನನ್ನ ಕಡೆ ನೋಡಿದರು.

ನಾನು ಎರಡನೆಯದು ಎಂದೆ. ಬೆಳಗಿನ ಸ್ನಾನಕ್ಕೆ ನೀರು ಕಾಯಿಸಿಕೊಡುವವನು, ಪೂಜೆಗೆ ಕೋಣೆ ಬಿಡುವವನು ಮೋಸ ಮಾಡುತ್ತಾನೆಂದು ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ. ಮೊದಲನೆಯವರು ದನ ಬೇಯಿಸುತ್ತೇವೆ ಎಂದು ನಿಜ ಬರೆದಿದ್ದರು. ಇಬ್ಬರೂ ಆ ನಿಜಕ್ಕೇ ಹೇಸಿದೆವು.

ಚಂಡಮಾರುತಕ್ಕೆ ಕೊಚ್ಚಿಹೋಗದೆ ಧನುಷ್ಕೋಟಿ ಇನ್ನೂ ಊರಾಗಿದ್ದ ಕಾಲ. ಮಧುಗಿರಿಯಿಂದ ಬಸ್ಸು, ಬೆಂಗಳೂರಿನಿಂದ ಮದರಾಸಿಗೆ ರೈಲು, ಮದರಾಸಿನಿಂದ ಬೋಟ್ ಮೇಲ್ ಎಂಬ ರೈಲು, ಮಂಟಪಂನಲ್ಲಿ ಡಾಕ್ಟರ ತಪಾಸಣೆ, ಧನುಷ್ಕೋಟಿಯಲ್ಲಿ ಹಡಗು, ಆಚೆ ದಡದಲ್ಲಿ ತಲೈಮನ್ನಾರ್, ಅಲ್ಲಿಂದ ಮತ್ತೆ ರೈಲು. ಎಲ್ಲೆಲ್ಲಿ ಇಳಿಯಬೇಕು, ಏನು ಕೇಳಬೇಕು ಎಂದು ಇಂಗ್ಲಿಷಿನ ಮಾತುಗಳನ್ನು ಕನ್ನಡದ ಅಕ್ಷರದಲ್ಲಿ ಬರೆದು, ಫುಲ್‌ಸ್ಕೇಪಿನ ಎರಡು ಹಾಳೆ ತುಂಬಿಸಿ ಕೊಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ರೊಟ್ಟಿ, ಹುಚ್ಚೆಳ್ಳು ಚಟ್ನಿ ಗಂಟು ಕೊಟ್ಟರು. "ಗೆದ್ರೂ ಬಾ, ಸೋತ್ರೂ ಬಾ" ಎಂದರು. ಮೇಷ್ಟ್ರು, "ಗೆಲ್ಲೋದು ಸೋಲೋದು ಅಲ್ಲ ಕಣಕ್ಕ, ಲೆಕ್ಕ ತಾಳೆ ನೋಡಕೆ ಓಗ್ತಾ ಇರೋದು" ಎಂದು ಬಸ್ಸು ಹತ್ತಿದರು. ನೋಟ್‌ಪುಸ್ತಕದ ಕಂತೆಯನ್ನು ಮೇಲೆ ಹಾಕಲು ಕಂಡಕ್ಟರಿಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಮಂಟಪಂನಿಂದ ಒಂದು ಕಾರ್ಡು ಬಂತು. ತಪಾಸಣೆಯವರು ಕರಡಿಗೆ ಬಿಚ್ಚಿ ಕೊಡು ಎಂದರು, ಕೊಡಲಿಲ್ಲ, ಎರಡು ದಿನ ಹೆಚ್ಚಿಗೆ ಕೂರಿಸಿ ಬಿಟ್ಟರು ಎಂದು ಬರೆದಿದ್ದರು. ಕೊಲಂಬೊದಿಂದ ಒಂದೇ ಕಾಗದ. ಅದು ನನ್ನ ಹತ್ತಿರ ಇದೆ. "ಸ್ಟೇಷನ್ನಿಗೆ ಆಳು ಬಂದಿದ್ದ. ಬಿಸಿನೀರು ಉಂಟು. ಊಟ ಪರವಾಗಿಲ್ಲ, ಹುಳಿ ಜಾಸ್ತಿ. ಮೂರು ದಿನ ಒಂದು ಕಾಸೂ ಕಟ್ಟದೆ ಚಕ್ರ ನೋಡಿದೆ. ಚಕ್ರ ಸರಿಯಿಲ್ಲ. ಗೋಲಿ ಎರಡು ಮನೆಗೆ ಹೋಗುವುದೇ ಇಲ್ಲ. ಅಡಿಯಲ್ಲಿ ಏನೋ ಮಾಡಿದ್ದಾರೆ. ನಾಳೆ ಎಲ್ಲರೂ ಕೂತಾಗ ಯಜಮಾನನಿಗೆ ಹೇಳುತ್ತೇನೆ."

ಅಕ್ಕನಿಗೆ ಓದಿ ಹೇಳಿದೆ. ಆಯಮ್ಮ ಕಂಬ ಹಿಡಿದುಕೊಂಡು, "ಯೋಳ್ದೆ ಇರಲ್ಲ ಅವ್ನು" ಎಂದರು. ನಾನೂ ಇನ್ಸ್‌ಪೆಕ್ಟರ ಮುಂದೆ ನಿಂತ ಮೇಷ್ಟ್ರನ್ನು ಕಂಡವನು. ನನಗೂ ಗೊತ್ತಿತ್ತು. ಅದೇ ದಿನ ತಂತಿ ಕೊಟ್ಟೆ, ಹೇಳಬೇಡಿ ಹೊರಟು ಬನ್ನಿ ಎಂದು. ಆದರೆ ಕಾಗದ ಬರುವಷ್ಟರಲ್ಲಿ ಒಂಬತ್ತು ದಿನ ಆಗಿತ್ತು.

ಆಮೇಲೆ ಏನೂ ಬರಲಿಲ್ಲ. ಹೋಟೆಲಿಗೆ ಬರೆದೆ, ಅಂಥವರು ನಮ್ಮಲ್ಲಿಗೆ ಬಂದೇ ಇಲ್ಲ ಎಂದು ಬಂತು. ಅದೇ ಕೈಬರಹ, ಬಿಸಿನೀರಿನ ಬಗ್ಗೆ ಬರೆದದ್ದೇ. ಅಲ್ಲಿನ ಪೊಲೀಸರಿಗೆ ಬರೆದೆ, ನಮ್ಮ ಸರ್ಕಾರದ ಕಚೇರಿಗೆ ಬರೆದೆ, ಹಡಗಿನವರಿಗೆ ಬರೆದೆ. ಪ್ರತಿ ಭಾನುವಾರ ತುಮಕೂರಿನ ರೂಮಿನಲ್ಲಿ ಕೂತು ಒಂದು ಕಾಗದ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷು ನಾನು ಮತ್ತೆ ಬರೆದಿಲ್ಲ. ರಜೆಗೆ ಮಧುಗಿರಿಗೆ ಹೋದರೆ ಅಕ್ಕ ಬಂತಾ ಎಂದು ಕೇಳುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು. ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಅವರು ಹಿತ್ತಲ ಪಡಸಾಲೆಗೂ ಅದರ ಒಳಗಿನ ಕೋಣೆಗೂ ಬಂದಿದ್ದರು. ಗಾಲಿ ಪಡಸಾಲೆಯಲ್ಲೇ ಇತ್ತು, ಅದರ ಮೇಲೆ ಸೀರೆ ಒಣಗಿಹಾಕುತ್ತಿದ್ದರು.

ಬಿ.ಎ. ಪಾಸಾಯಿತು. ನಮ್ಮ ಹಟ್ಟಿಯಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ತೆಗೆದುಕೊಂಡದ್ದು. ಹಟ್ಟಿಯಲ್ಲಿ ಮರಿ ಕಡಿದು ಊಟ ಹಾಕಿದರು. ಅದೇ ವಾರ ನನ್ನ ಹೆಸರಿಗೆ ರಿಜಿಸ್ಟರ್ಡ್ ಲಕೋಟೆ ಬಂತು. ಒಳಗೆ ಕೊಲಂಬೊದಿಂದ ಬಂದ ಮರಣದ ಸರ್ಟಿಫಿಕೇಟು. ಯಾರಿಗೂ ಹೇಳದೆ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ಮಧುಗಿರಿಗೆ ಹೋದೆ.

ಅಕ್ಕ ಕೋಣೆಯ ಹೊಸ್ತಿಲ ಒಳಗೆ ಕೂತು ಅವರೆಕಾಳು ಬಿಡಿಸುತ್ತಿದ್ದರು. ಕೈ ನೋಡಿದರು, ಮೊರ ಪಕ್ಕಕ್ಕಿಟ್ಟರು. ನಾನು ಪಡಸಾಲೆಯ ಕೆಳಗೇ ನಿಂತಿದ್ದೆ. "ಒಳೀಕೆ ಬಾ" ಎಂದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಹೆಸರು, ನಾನು ಪೊಲೀಸರಿಗೆ ಬರೆದ ಕಾಗದಗಳಿಂದ ಗುರುತು ಹಿಡಿದದ್ದು. ವಯಸ್ಸು ಸುಮಾರು ಐವತ್ತು. ಕಾರಣ, ನೀರಿನಲ್ಲಿ ಮುಳುಗಿ. ಸಿಕ್ಕ ಜಾಗ, ಪೇಟೆಯ ಹಿಂದಿನ ಕಾಲುವೆ. ಸಿಕ್ಕ ದಿನ, ಕಾಗದ ಬರೆದ ಎರಡನೇ ದಿನ. ಮೈಮೇಲೆ ಸಿಕ್ಕ ವಸ್ತು, ಏನೂ ಇಲ್ಲ.

ಓದಿ ಮುಗಿಸಿ ಪತ್ರವನ್ನು ಅವರ ಕೈಗೆ ಕೊಟ್ಟೆ. ಆಯಮ್ಮ ಅಳಲಿಲ್ಲ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ; ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ, ಮಣ್ಣು ಮಾಡುತ್ತಾರೆ. ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು.

"ಕೂರ್ಸಿದ್ರಂತಾ, ಸುಟ್ಬುಟ್ರಂತಾ?"

"ಅದು ಇದರಲ್ಲಿ ಇಲ್ಲಮ್ಮ."

ಪತ್ರವನ್ನು ತಿರುಗಿ ನನ್ನ ಕಡೆ ನೀಡಿದರು.

"ಅಷ್ಟೊಂದು ಓದಿದೀಯ ಕಣಪ್ಪ. ಇನ್ನೊಂದ್ಸಲ ಓದು."