ವರನಿಲ್ಲದ ಬ್ಯಾನರ್

ಭಾಲ್ಕಿಯಲ್ಲಿ ನನ್ನ ಅಂಗಡಿಯ ಪಕ್ಕ ಬ್ಯಾನರ್ ಮಾಡಿಕೊಡುವವನೊಬ್ಬನಿದ್ದ. ಜನ ತಿದ್ದಿಸಿದಷ್ಟು ಸಲವೂ ಮುಂಚಿನ ಪ್ರತಿ ಅವನ ಬ್ಯಾಕಪ್‌ನಲ್ಲಿ ಉಳಿಯುತ್ತಿತ್ತು. ಯಾರು ಏನು ಕೇಳಿದರೂ ಕಿವಿಯ ಮೇಲಿನ ಪೆನ್ನು ಮುಟ್ಟಿಕೊಂಡು, "ಹಳೇದು ಇರ್ತದ್ರಿ, ತೆಗೀತೇನಿ" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಮೆಹಕರದ ಹಿರಿಯರೊಬ್ಬರು ಬಂದರು. ಮಗಳ ಮದುವೆಯ ಬ್ಯಾನರ್ ಇವನಲ್ಲೇ ಮಾಡಿಸಿದ್ದವರು. ಈಗ ಅವಳ ಶ್ರದ್ಧಾಂಜಲಿಗೆ ಬೇಕಿತ್ತು. ಬಾವಿಗೆ ಬಿದ್ದಳೆಂದು ಗಂಡನ ಮನೆಯವರು ಹೇಳಿ ಕಳಿಸಿದ್ದರಂತೆ.

"ಅಳಿಯನ ಫೋಟೋ ಹಚ್ಚೋಕಿಂತ ಮೊದಲಿಂದು ಕೊಡ್ರಿ."

"ಹಳೇದು ಇರ್ತದ್ರಿ, ತೆಗೀತೇನಿ."

ಕಂಪ್ಯೂಟರ್ ತೆರೆಯ ಮೇಲೆ ಹುಡುಗಿ ಒಬ್ಬಳೇ ನಗುತ್ತಿದ್ದಳು. ಪಕ್ಕದಲ್ಲಿ ವರನಿಗೆಂದು ಬಿಟ್ಟ ಜಾಗ ಖಾಲಿ ಇತ್ತು.

"ಇಲ್ಲಿ ಏನ್ ಹಾಕ್ಲಿರಿ?" ತಿರುಗಿ ನೋಡದೆಯೇ ಕೇಳಿದ.

"ಏನೂ ಬ್ಯಾಡ್ರಿ," ಎಂದರು ಹಿರಿಯರು. "ಅವತ್ತೇ ಇಷ್ಟಕ್ಕ ಬಿಡಬೇಕಿತ್ತು ನಾವು."